ಎರಡು ಪೌಂಡಿನ ಡಬ್ಬಿ

ಗ್ರಿಮ್ಸ್‌ಬಿಯ ಭಾನುವಾರದ ಸಂತೆಯಲ್ಲಿ
ಕಾರಿನ ಡಿಕ್ಕಿ ತೆರೆದು ಹಳತೆಲ್ಲ ಹರವಿಕೊಂಡಿದ್ದವನ ಹತ್ತಿರ
ಎರಡು ಪೌಂಡಿಗೆ ಕೊಂಡೆ ಈ ಬಿಸ್ಕತ್ತಿನ ಡಬ್ಬಿ.
ಕೋಟಿನ ಗುಂಡಿಗಳಿರಬೇಕು ಅಂದುಕೊಂಡಿದ್ದೆ,
ಅಲ್ಲಾಡಿಸಿದರೆ ಅದೇ ಸದ್ದು.

ಒಳಗಿದ್ದದ್ದು ಬಣ್ಣದ ಪಟ್ಟೆಯ ರೆಸಿಸ್ಟರುಗಳು,
ಮೂರು ಕಾಲಿನ ಟ್ರಾನ್ಸಿಸ್ಟರು, ಬಿಲ್ಲೆಯಂಥ ಬಜರು,
ಮೈತುಂಬ ತೂತಿನ, ಹೊಟ್ಟೆಯಡಿ ತಾಮ್ರದ ಸಾಲುಗಳ
ಕಂದು ಹಲಗೆ ಎರಡು.
ಒಂದು ಅರ್ಧ ಕಟ್ಟಿ ಬಿಟ್ಟದ್ದು. ಇನ್ನೊಂದರ ಮೇಲೆ
ಎರಡು ಉದ್ದ ತಂತಿ ಬಿಟ್ಟರೆ ಏನೂ ಇಲ್ಲ.
ಚೌಕಳಿ ಹಾಳೆಯಲ್ಲಿ ಪೆನ್ಸಿಲಿನ ನಕ್ಷೆ.
ಯಾರದೋ ಅಚ್ಚುಕಟ್ಟಾದ ಕೈ.
ಇದು ಏನು ಮಾಡುತ್ತದೆ ಅಂತ ಮಾತ್ರ ಬರೆದಿಲ್ಲ.

ಆರು ಪೌಂಡಿನ ಬೆಸುಗೆ ಕಡ್ಡಿ ತಂದೆ,
ಹಿಡಿಯ ತನಕ ಬಿಸಿಯಾಗುವಂಥದ್ದು.
ತಂತಿ ಕತ್ತರಿಸಲು ಉಗುರು ಕತ್ತರಿ,
ಹಲಗೆ ಹಿಡಿಯಲು ಬಟ್ಟೆಯ ಕ್ಲಿಪ್ಪು,
ತಾಮ್ರದ ಸಾಲು ಕಡಿಯಲು, ಹಳೆ ಕಾಲುಚೀಲ ಸುತ್ತಿದ ಡ್ರಿಲ್ಲಿನ ಮೊಳೆ:
ತೂತಿಗಿಟ್ಟು ಬೆರಳಲ್ಲೇ ತಿರುಗಿಸಿದರೆ
ಸಾಸಿವೆಯಷ್ಟು ತಾಮ್ರ ಸುರುಳಿಯಾಗಿ ಏಳುತ್ತದೆ.
ರಾತ್ರಿ ಪಾಳಿಯಲ್ಲಿ ಹ್ಯಾಡಕ್ ಮೀನಿಗೆ ಐಸು ತುಂಬುವ ಬೆರಳು,
ಮೊದಲ ವಾರ ಎರಡು ಸಲ ಸುಟ್ಟಿತು.
ಬಿಸಿ ಅನ್ನುವುದೇ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ ಅದಕ್ಕೆ.

ನಕ್ಷೆಯಂತೆ ಉಳಿದದ್ದನ್ನೆಲ್ಲ ಕೂರಿಸಿದೆ.
ಬ್ಯಾಟರಿ ಕೊಟ್ಟೆ. ಬಜರು ಕಿರುಚಿತು,
ಕೀಳುವ ತನಕ ಬಾಯಿ ಮುಚ್ಚಲಿಲ್ಲ.
ಮೂರು ರಾತ್ರಿ ಹಾಗೇ.
ಬೆಸುಗೆ ಪಕ್ಕದ ಸಾಲಿಗೆ ಹರಿದಿದೆಯೇ ಅಂತ
ಸಾಲು ಸಾಲಿನ ನಡುವೆ ಚಾಕು ಎಳೆದೆ,
ಅಮ್ಮ ನನ್ನ ಬೈತಲೆ ತೆಗೆಯುತ್ತಿದ್ದ ಹಾಗೆ.

ಆಮೇಲೆ ಕಂಡಿತು. ಒಂದು ರೆಸಿಸ್ಟರಿನ ಎರಡೂ ಕಾಲು
ಕಡಿಯದ ಒಂದೇ ಸಾಲಿನಲ್ಲಿ ನಿಂತಿತ್ತು.
ಇದ್ದೂ ಇಲ್ಲದ ಹಾಗೆ.
ನಕ್ಷೆಯಲ್ಲಿ, ಎಡದಿಂದ ಆರನೆಯ ತೂತಲ್ಲಿ ಕಡಿ ಅಂತಿದೆ.
ಕಡಿದಿದ್ದಾನೆ, ಅಥವಾ ಕಡಿದಿದ್ದಾಳೆ,
ಹಲಗೆ ಮಗುಚಿ, ಮತ್ತೆ ಎಡದಿಂದಲೇ ಎಣಿಸಿ.

ನಕ್ಕುಬಿಟ್ಟೆ, ಒಬ್ಬಳೇ, ಬೆಳಗಿನ ಜಾವ ನಾಲ್ಕಕ್ಕೆ.
ಹನ್ನೊಂದು ವರ್ಷ ಕೋಟಿಗೆ ಅಸ್ತರು ಹೊಲಿದವಳು ನಾನು.
ಒಳಮೈಗೆ ತಿರುಗಿಸಿದ ಕೋಟಿನಲ್ಲಿ
ಎಡತೋಳು ಬಲಕ್ಕೆ ಬರುತ್ತದೆ ಅಂತ
ಎಷ್ಟು ಹುಡುಗಿಯರಿಗೆ ಹೇಳಿಕೊಟ್ಟಿಲ್ಲ!
ತಪ್ಪಿ ಕಡಿದ ಕಡೆ ತಂತಿಯ ತುಂಡಿಟ್ಟು ಬೆಸೆದೆ.
ಆರನೆಯದನ್ನು ಬಲದಿಂದ ಎಣಿಸಿ ಕಡಿದೆ.

ಈಗ ಬಜರು ಸುಮ್ಮನಾಯಿತು. ಪೂರಾ ಸುಮ್ಮನೆ.
ಇದಕ್ಕೋ ಇಷ್ಟೆಲ್ಲ, ಅಂತ ಬೇಜಾರಾಗಿ
ಆ ಖಾಲಿ ಹಲಗೆಯನ್ನು ಸಿಂಕಿನ ಪಕ್ಕಕ್ಕೆ ಸರಿಸಿದೆ,
ಎರಡೂ ತಂತಿ ಇನ್ನೂ ಸಿಕ್ಕಿಸಿಕೊಂಡಿದ್ದ ಹಾಗೇ.
ನಲ್ಲಿಯಿಂದ ಒಂದು ಹನಿ ಸಿಡಿಯಿತು.
ಪಕ್ಕದ ಮನೆಯ ದಾನುಟಾ ಗೋಡೆ ಗುದ್ದುವಷ್ಟು ಜೋರಾಗಿ
ಕಿರುಚಿತು ಡಬ್ಬಿ.

ಖಾಲಿಯಲ್ಲ ಅದು. ಸಾಲು ಬಿಟ್ಟು ಸಾಲು
ಒಂದೊಂದು ತಂತಿಗೆ ಸೇರಿಸಿ, ನಡುವಿನ ಕೂದಲೆಳೆ ಜಾಗವನ್ನು
ಹನಿಗೆಂದೇ ಬಿಟ್ಟಿದ್ದಾರೆ.

ಈಗ ಅದು ಹಿತ್ತಲ ಹಗ್ಗದಲ್ಲಿ, ಅದೇ ಕ್ಲಿಪ್ಪಿನಲ್ಲಿ ನೇತಾಡುತ್ತದೆ.
ಕೂಗಿದೊಡನೆ ದಾನುಟಾ ಮತ್ತು ನಾನು
ಚಪ್ಪಲಿ ಎಡ ಬಲ ನೋಡದೆ ಓಡುತ್ತೇವೆ,
ಅವಳ ಹಾಳೆ ನನ್ನ ತೋಳಲ್ಲಿ, ನನ್ನ ಲಂಗ ಅವಳ ಹೆಗಲಲ್ಲಿ.
ಈ ಊರಿನಲ್ಲಿ ದಿನಕ್ಕೆ ನಾಲ್ಕು ಸಲ.
ಕಡಲ ಮಂಜಿಗೂ ಕೂಗುತ್ತದೆ, ಒಮ್ಮೆ ಹಕ್ಕಿಯ ಹಿಕ್ಕೆಗೂ ಕೂಗಿತ್ತು.

ನಕ್ಷೆಯ ಮೂಲೆಯಲ್ಲಿ ಜಾಗವಿತ್ತು. ಬರೆದಿಟ್ಟೆ:
ಮಳೆಗೆ. ಮಗುಚಿದ ಮೇಲೆ ಬಲದಿಂದ ಎಣಿಸು.
ಮುಂದೆ ಯಾರು ಎರಡು ಪೌಂಡು ಕೊಡುತ್ತಾರೋ ಏನೋ.