ಚೂರಿ ಎಣಿಸುವವರ ಮನೆ

ಚೌಕದಲ್ಲಿ ನಿಂತಿದ್ದಾನಲ್ಲ ಕಂಚಿನ ಇದ್ದರ್,
ಕುದುರೆ ಮೇಲೆ, ಚೂರಿ ಹಿರಿದು, ಕಣಿವೆಯ ಕಡೆ ಕೈಚಾಚಿ,
ಅವನಿಗೆ ಕುದುರೆ ಇರಲಿಲ್ಲ.
ಒಂದು ಹೇಸರಗತ್ತೆ ಇತ್ತು, ಅದಕ್ಕೂ ಒಂದು ಕಣ್ಣು ಮಂಜು.
ಚೂರಿಯ ಮಾತಿಗೆ ಆಮೇಲೆ ಬರುತ್ತೇನೆ.

ನಾವು ಕಮ್ಮಾರರು. ನಮ್ಮ ಜೊತೆ ಉಣ್ಣುವವರು ಕಮ್ಮಿ,
ನಮ್ಮ ಬಾಯಿ ನಂಬುವವರು ಇನ್ನೂ ಕಮ್ಮಿ.

ಅಟ್ಲಾಸಿನ ಈ ಮಗ್ಗುಲಲ್ಲಿ ಆಗ ಊರೆಂಬುದಿಲ್ಲ.
ಕರಿ ಉಣ್ಣೆಯ ಗುಡಾರ, ಕುರಿ, ಒಂದೇ ಊಟೆ, ಎರಡು ಬಣ.
ಕೊಡ ಹೊತ್ತು ಹೋದವರನ್ನು
ಕಂಬಳಿಯಲ್ಲಿ ಹೊತ್ತು ತರುತ್ತಿದ್ದರು.

ಇದ್ದರ್ ಹಿರಿಯ, ಅಮ್ಘರ್ ಅನ್ನುತ್ತೇವೆ ನಾವು.
ಹೆಸರಿನರ್ಥ ‘ಬದುಕಿದ್ದಾನೆ’ ಅಂತ;
ಮೊದಲ ಮೂವರು ಉಳಿಯದೆ ತಾಯಿ ಇಟ್ಟದ್ದು.
ಬೆನ್ನಿಗೆ ಬಿದ್ದ ತಮ್ಮ ಬೆನ್ನಾಸರ್ ಊಟೆಯ ಬಳಿ ಸತ್ತ.

ಆ ಚಳಿಗಾಲ ಸಾರಿದ: ಗುರುವಾರ ಸಂತೆ.
ಕಣಿವೆಯ ಬಾಯಲ್ಲಿ ಚಪ್ಪಟೆ ಬಂಡೆ. ಬಂದವರು
ಚೂರಿ ಅಲ್ಲಿಟ್ಟು ಒಳಗೆ ಬಂದು ಉಪ್ಪು ಕೊಳ್ಳಬೇಕು,
ಸಂಜೆ ಎತ್ತಿಕೊಂಡು ಹೋಗಬೇಕು.
ಮೊದಲ ಚೂರಿ ಅವನದೇ.
ಎಣಿಸಲು ಕೂತವನು ನಮ್ಮ ಮುತ್ತಜ್ಜ.
ಯಾವ ಹಿಡಿ ಯಾರ ಅಂಗೈಯದೆಂದು
ಮಾಡಿದವನಿಗಲ್ಲದೆ ಯಾರಿಗೆ ಗೊತ್ತು?

ನಲವತ್ತೊಂದು ಬಂದವು. ಮೂವತ್ತೊಂಬತ್ತು ಹೋದವು.
ಹಿಮ ಶುರುವಾಗಿತ್ತು.
ಉಳಿದ ಎರಡರಲ್ಲಿ ಒಂದು ಇದ್ದರನದು.
ಇನ್ನೊಂದು ಝಾಯಿದನದು, ಬೆನ್ನಾಸರನ ಪಕ್ಕೆಯಿಂದ
ಕಿತ್ತು ತೊಳೆದದ್ದು.
ಝಾಯಿದ್ ಬಂಡೆಯ ಬಳಿ ಕೂತುಬಿಟ್ಟಿದ್ದ.
“ಎತ್ತಿಕೋ,” ಅಂದ ಮುತ್ತಜ್ಜ.
“ಭಾರ,” ಅಂದ ಅವನು. ಅಷ್ಟೇ.

ತಾಯಿ ತೂದಾ ಬಂದಳು, ಯಾರು ಹೇಳಿದರೋ.
ಕಲ್ಲೆತ್ತಿ ಬೀಸಿದಳು. ಹೆಗಲಿಗೆ ಬಿತ್ತು, ಅವನು ಅಲುಗಲಿಲ್ಲ.
ಇನ್ನೊಂದಕ್ಕೆ ಬಗ್ಗಿದಳು; ಹಿಮದಡಿ ಸಿಗಲಿಲ್ಲ,
ಬೆರಳು ಮರಗಟ್ಟುವವರೆಗೆ ಕೆದಕುತ್ತಲೇ ಇದ್ದಳು.

ಇದ್ದರ್ ಬಿದ್ದ ಕಲ್ಲನ್ನೆತ್ತಿ, ಸಮ ನೋಡಿ, ನೆಲಕ್ಕೂರಿದ.
“ಇವನು ಗುಡಾರದತನಕ ನಡೆದರೆ ನಮ್ಮವರೇ ಕೊಲ್ಲುತ್ತಾರೆ.
ಇಲ್ಲೇ ಗೋಡೆ ಎಬ್ಬಿಸಿ.”

ಹಾಗೆ ಈ ಪಟ್ಟಣದ ಮೊದಲ ಮನೆ ಕೊಲೆಗಾರನದು.
ತಿಗೆಮ್ಮಿ ಅಂದರೆ ಮನೆ; ಬಹುವಚನ ಮಾಡುವ ಪುರಸೊತ್ತು
ಯಾರಿಗೂ ಆಗಲಿಲ್ಲ. ಈಗ ಎಂಟು ಸಾವಿರ ಬಾಗಿಲು,
ಎರಡು ಬಸ್ ನಿಲ್ದಾಣ.

ತೂದಾ ಆ ಬಾಗಿಲ ಮುಂದೆ ಹಾಯಲಿಲ್ಲ, ಸಾಯುವವರೆಗೂ.
ಬಳಸಿಕೊಂಡು ನೀರಿಗೆ ಹೋದಳು. ಆ ದಾರಿಯೇ
ಇವತ್ತಿನ ದೊಡ್ಡ ಬೀದಿ; ಅದಕ್ಕೇ ಅಷ್ಟು ಸೊಟ್ಟ.

ಶಿಲ್ಪಿ ಬಯಲುಸೀಮೆಯವನು. ಅಮ್ಘರನ ಕೈ ಖಾಲಿಯಿದ್ದರೆ
ಜನ ಏನಂದಾರು ಅಂದ.
ಎರಡೂ ಚೂರಿ ನಮ್ಮ ಅಟ್ಟದಲ್ಲಿವೆ, ಎಣ್ಣೆಬಟ್ಟೆ ಸುತ್ತಿ.
ಯಾರೂ ಕೇಳಿಕೊಂಡು ಬಂದಿಲ್ಲ.
ಗುರುವಾರ ಗುರುವಾರ ಅಪ್ಪ ಕೆಳಗಿಳಿಸಿ ಎಣಿಸುತ್ತಿದ್ದ,
ಒಂದು, ಎರಡು,
ಎಣಿಸಲು ಅಷ್ಟೇ ಇದ್ದರೂ.