ಒಂಬತ್ತು ರಾತ್ರಿ

ಬೀಗದಕೈ ಇದ್ದದ್ದು ತುರ್ಸುನಾಯ್ ಹತ್ತಿರ,
ತುರ್ಸುನಾಯ್ ಊಟಕ್ಕೆ ಹೋಗಿದ್ದಳು.
ಅರ್ಜಿಗೆ ಮೂರು ಸಹಿ, ಒಂದು ಮೊಹರು,
ಮೊಹರು ಒತ್ತುವವನಿಗೆ ಹಲ್ಲುನೋವು.
ಅಂತೂ ನಾಲ್ಕನೆಯ ದಿನ
ಬಿಷ್ಕೆಕ್‌ನ ಆ ನೆಲಮಾಳಿಗೆಯ ಬಾಗಿಲು ಕಿರುಗುಟ್ಟಿತು.
ಐವತ್ತು ವರ್ಷದ ಚಳಿ ಕಪಾಟಿನೊಳಗೆ
ದಾರ ಕಟ್ಟಿಸಿಕೊಂಡು ಕೂತಿತ್ತು.

ನನಗೆ ಬೇಕಾದದ್ದು ತೆಮಿರ್-ಬೆಲ್ ಘಟ್ಟದ ಹವಾಮಾನ ಕೇಂದ್ರ.
ಒಂದು ಮನೆ, ಒಂದು ಬಿಳಿ ಪೆಟ್ಟಿಗೆ, ಪೆಟ್ಟಿಗೆಗೊಂದು ಏಣಿ.
ಈಗ ಅಲ್ಲಿ ಏಣಿಯೂ ಇಲ್ಲ.

ಕಂಪ್ಯೂಟರಿನ ಪಟ್ಟಿಯಲ್ಲಿ ಎಲ್ಲ ನೆಟ್ಟಗಿತ್ತು,
ಎಪ್ಪತ್ತೊಂಬತ್ತರ ಫೆಬ್ರವರಿ ಬಿಟ್ಟು.
ಆರನೆಯ ತಾರೀಖಿನಿಂದ ಹದಿನಾಲ್ಕರವರೆಗೆ
ರಾತ್ರಿಯ ಕನಿಷ್ಠ: ಮೈನಸ್ ಮೂವತ್ತೊಂದು ಪಾಯಿಂಟ್ ನಾಲ್ಕು.
ಮೈನಸ್ ಮೂವತ್ತೊಂದು ಪಾಯಿಂಟ್ ನಾಲ್ಕು.
ಒಂಬತ್ತು ಸಲ.
ಚಳಿ ಹಾಗೆಲ್ಲ ಗಿಣಿಪಾಠ ಒಪ್ಪಿಸುವುದಿಲ್ಲ.
ಕೂತಲ್ಲೇ ಬರೆದಿದ್ದಾನೆ ಕಳ್ಳ, ಅಂದುಕೊಂಡೆ,
ಒಲೆಯ ಪಕ್ಕ ಕಾಲು ಚಾಚಿ, ಚಹಾ ಹೀರುತ್ತ.

ಮೂಲ ಪುಸ್ತಕ ಬಿಚ್ಚಿದೆ.
ಐದರವರೆಗೆ ಜೊಲ್ಚು ಎಂಬವನ ಕೈ:
ಓರೆ ಅಂಕಿ, ಅವಸರದ ಸೊನ್ನೆ, ಏಳಕ್ಕೆ ನಡುವೆ ಗೀಟು.
ಆರರಿಂದ ಬೇರೆ. ದುಂಡಗೆ, ಒತ್ತಿ ಬರೆದದ್ದು,
ಹಾಳೆಯ ಬೆನ್ನಿಗೆ ಬೆರಳಾಡಿಸಿದರೆ ಉಬ್ಬು ತಾಗುತ್ತದೆ.
ಎಂಟು ಅಂದರೆ ಒಂದರ ಮೇಲೊಂದು ಕೂರಿಸಿದ ಎರಡು ಸೊನ್ನೆ.
ನಡುರಾತ್ರಿ ಮೂರಕ್ಕೂ ಗಾಳಿಯ ದಿಕ್ಕು ಬರೆದಿದೆ.
ಕಳ್ಳ ಅಷ್ಟು ಕಷ್ಟಪಡುವುದಿಲ್ಲ.

ಘಟ್ಟದಾಚೆಯ ಕೇಂದ್ರದ ಅಂಕಿಗಳನ್ನು ಪಕ್ಕಕ್ಕಿಟ್ಟು ಕಳೆದೆ.
ಗಾಳಿ ಸರಿ. ಒತ್ತಡ ಸರಿ.
ಹಗಲಿನ ಪಾದರಸ ಮಾತ್ರ ಪ್ರತಿ ಸಲವೂ ಅರ್ಧ ಡಿಗ್ರಿ ಹೆಚ್ಚು.
ಅರ್ಧ. ಕಾಲಲ್ಲ, ಮುಕ್ಕಾಲಲ್ಲ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು:
ಕೊಳವೆಯನ್ನು ಕೆಳಗಿನಿಂದ ಕತ್ತೆತ್ತಿ ನೋಡಿದರೆ
ಪಾದರಸ ಏರಿದಂತೆ ಕಾಣುತ್ತದೆ.
ಟಿಕೆಟ್ಟಿನ ಹಿಂದೆ ತ್ರಿಕೋಣ ಬರೆದೆ,
ಏಣಿಗೆ ಇಷ್ಟು, ಪೆಟ್ಟಿಗೆಗೆ ಇಷ್ಟು,
ತಪ್ಪಿನಿಂದ ಹಿಂದುಹಿಂದಕ್ಕೆ ಲೆಕ್ಕ ಹಾಕುತ್ತ ಹೋದೆ.
ಓದಿದವರ ಎತ್ತರ
ನೂರ ಹದಿನೆಂಟು ಸೆಂಟಿಮೀಟರ್, ಹೆಚ್ಚೂಕಡಿಮೆ.

ಬುರುಲ್ಚಾ ಈಗ ನರಿನ್ ಪೇಟೆಯಲ್ಲಿ ಹಳೆ ಟೈರು ಮಾರುತ್ತಾಳೆ.
ಫೋನಿನಲ್ಲಿ ಹಿಂದೆ ಯಾರೋ ಚೌಕಾಸಿ ಮಾಡುತ್ತಿದ್ದರು.
"ಅಪ್ಪನಿಗೆ ಜ್ವರ. ಜೊತೆಗಾರ ಹಿಟ್ಟು ತರಲು ಇಳಿದಿದ್ದ,
ದಾರಿ ಮುಚ್ಚಿತು. ನನಗೆ ಎಂಟು ವರ್ಷ.
ಅಪ್ಪ ಗಡಿಯಾರ ಎದೆಯ ಮೇಲಿಟ್ಟು ಮಲಗಿದ್ದ.
ಮೂರು ಗಂಟೆಗೊಮ್ಮೆ, ಏಳು, ನೋಡಿ ಬಾ.
ನನ್ನ ಸೊಂಟಕ್ಕೆ ಹಗ್ಗ,
ಹಗ್ಗದ ಇನ್ನೊಂದು ತುದಿ ಅವನ ಮಣಿಕಟ್ಟಿಗೆ."

"ರಾತ್ರಿಯ ಕೊಳವೆ?" ಅಂದೆ. "ಅಡ್ಡ ಮಲಗಿಸಿದ್ದು?"

ತಡವಾಗಿ ಮಾತು ಬಂತು.
"ಅದರೊಳಗೆ ಒಂದು ಕರಿ ಕಡ್ಡಿ.
ಚಳಿ ಅದನ್ನು ಎಳೆದೊಯ್ದು ಅಲ್ಲೇ ಬಿಟ್ಟು ಬರುತ್ತದೆ.
ದಿನಾ ಬಾಗಿಸಿ ಜಾಗಕ್ಕೆ ತರಬೇಕು.
ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕಲಿಲ್ಲ.
ಬಾಗಿಸಿದೆಯಾ, ಅಪ್ಪ ಕೇಳುತ್ತಿದ್ದ.
ಹ್ಞೂಂ ಅಂದೆ.
ದಿನಾ ಅಂದೆ."
ಆಮೇಲೆ, "ಅದು ಈಗ ಸಿಕ್ಕಿಬಿತ್ತಾ?"

ಹದಿನೈದರಂದು ಜೊಲ್ಚುವಿನ ಕೈ ಮರಳಿ ಬಂದಿದೆ,
ಅಂಕಿಗಳಿಗೆ ನಡುಕ.
ಒಂಬತ್ತೂ ಒಂದೇ ಎಂಬುದು ಅವನ ಕಣ್ಣಿಗೆ ಬೀಳದಿರಲು ಸಾಧ್ಯವೇ ಇಲ್ಲ.
ಹೊಡೆದು ಹಾಕಿಲ್ಲ. ತಿದ್ದಿಲ್ಲ.
ಒಂಬತ್ತರ ಪಕ್ಕಕ್ಕೆ ಉದ್ದನೆಯ ಗೀಟು,
ಗೀಟಿನ ಬುಡಕ್ಕೆ ಸಹಿ.

ನಾನು ತಿದ್ದಿದೆ, ನನಗೆ ಸಂಬಳ ಅದಕ್ಕೆ.
ಮೊದಲ ರಾತ್ರಿಯನ್ನು ಉಳಿಸಿಕೊಂಡೆ,
ಉಳಿದ ಎಂಟರ ಮುಂದೆ ಸಂದೇಹದ ಗುರುತು.
ಹಗಲುಗಳಿಂದ ಅರ್ಧರ್ಧ ಕಳೆದೆ.
ಟಿಪ್ಪಣಿಯ ಖಾನೆಗೆ ನಲವತ್ತೇ ಅಕ್ಷರ,
ಹಗ್ಗದ ಸಂಗತಿ ಹಿಡಿಸಲಿಲ್ಲ.
"ಓದಿದವರು ಗಿಡ್ಡ" ಎಂದು ಬರೆದು ಕೂತೆ.

ಬಾಗಿಲಲ್ಲಿ ತುರ್ಸುನಾಯ್
ಬೀಗ ಅಲ್ಲಾಡಿಸುತ್ತಿದ್ದಳು.