ಮಸಿಯ ಲೆಕ್ಕ

ನಾನು ಹಿಮ ಕಂಡವಳಲ್ಲ.
ವಿಜಯಪುರದ ಸ್ಟೇಶನ್ ರಸ್ತೆಯಲ್ಲಿ, ಮಹಡಿಯ ಮೇಲೆ,
ತಗಡಿನ ಕೆಳಗೆ, ಏಪ್ರಿಲ್ಲಿನ ರಾತ್ರಿ
ಒದ್ದೆ ಟವೆಲ್ಲು ಹೆಗಲಿಗೆ ಹೊದ್ದು
ಹಿಮ ಸುರಿಸುತ್ತೇನೆ, ಲೆಕ್ಕದಲ್ಲಿ.

ಒಂದೊಂದು ಕಾಳು ಗಸಗಸೆಗಿಂತ ಸಣ್ಣದು,
ಕಾಳು ಕಾಳಿನ ನಡುವೆ ಗಾಳಿ.
ಮೇಲಿಂದ ಬೆಳಕಿನ ಒಂದು ಕಣ ಬಿಡುತ್ತೇನೆ.
ಎತ್ತ ಹೊರಳಲಿ ಎಂದು ಅದು ಕೇಳುತ್ತದೆ,
ಯಂತ್ರ ಕವಡೆ ಉರುಳಿಸಿ ಹೇಳುತ್ತದೆ.
ಹೀಗೆ ಹತ್ತು ಲಕ್ಷ ಸಲ.
ಹಾಯ್ದು, ಬಾಗಿ, ಡಿಕ್ಕಿ ಹೊಡೆದು, ದಾರಿ ತಪ್ಪಿ
ಬಹುಪಾಲು ಕಣಗಳು ಬಂದ ಆಕಾಶಕ್ಕೇ ಮರಳುತ್ತವೆ.
ಹಿಮ ಬೆಳ್ಳಗಿರುವುದು ಬಣ್ಣ ಹಚ್ಚಿಕೊಂಡಲ್ಲ,
ಏನನ್ನೂ ಇಟ್ಟುಕೊಳ್ಳದೆ, ಎಂದು
ಬಿ.ಎಸ್ಸಿ. ಹುಡುಗರಿಗೆ ಹೇಳುತ್ತೇನೆ.
ಪೂರ್ತಿ ನಿಜವಲ್ಲ. ಕೆಂಪಿನಾಚೆಯ ಬೆಳಕನ್ನು
ಅದು ಯಾರಿಗೂ ಕಾಣದಂತೆ ನುಂಗುತ್ತದೆ.

ಪರದೆಯ ಮೇಲೆ ಎರಡು ಗೆರೆ.
ನನ್ನದು ಮೇಲೆ, ಉಪಗ್ರಹ ಅಳೆದದ್ದು ಕೆಳಗೆ.
ನನ್ನ ಹಿಮ ಇರಬೇಕಾದ್ದಕ್ಕಿಂತ ಬೆಳ್ಳಗಿದೆ.
ಹನ್ನೊಂದು ದಿನದಿಂದ.

ಬೆಳಿಗ್ಗೆ ಕೆಳಗೆ ರಾಜೇಸಾಬ
ಬರ್ಫಿನ ಕಲ್ಲು ಇಳಿಸುತ್ತಿದ್ದ.
ಕೊಂಡಿ ಹಾಕಿ ಎಳೆದ. ಅಂಚೆಲ್ಲ ತಿಳಿ,
ಆಚೆಗಿನ ಅವನ ಬೆರಳು ಎಣಿಸಬಹುದು;
ನಡುವೆ ಮಾತ್ರ ಒಂದು ಬಿಳಿ ಬೆನ್ನುಹುರಿ.
'ಇದು ನೀರಿನ ಬಿಳುಪಲ್ಲರಿ ಮೇಡಂ,
ಹೊರಗಿಂದ ಗಟ್ಟಿ ಆಕ್ಕೋತ ಬರತೈತಿ,
ಒಳಗಿನ ಗಾಳಿಗೆ ಓಡಾಕ ಜಾಗಾ ಸಿಗಂಗಿಲ್ಲ.
ಗುಳ್ಳಿ ಗುಳ್ಳಿ ಆಗಿ ಅಲ್ಲೇ ಕುಂಡ್ರತೈತಿ.
ಬೆಳ್ಳಗ ಕಾಣೂದು ಆ ಸಿಕ್ಕೊಂಡ ಗಾಳಿ.'
ನಾನು ಇದನ್ನೇ ಇಪ್ಪತ್ತು ಪುಟ ಬರೆದಿದ್ದೆ.

ಗೋಣಿಚೀಲ ಸರಿಯಿತು, ಬಿಸಿಲು ಬಿತ್ತು.
ಬರ್ಫಿನ ಬೆನ್ನ ಮೇಲೆ ಮೂರು ಕರಿ ಚುಕ್ಕೆ,
ಬೇಕರಿಯ ಹೊಗೆಗೂಡಿನದೋ, ಲಾರಿಯದೋ.
ನೋಡನೋಡುತ್ತ ಒಂದೊಂದೂ ತನ್ನ ಕೆಳಗೆ
ಬಾವಿ ತೋಡಿಕೊಂಡು ಇಳಿಯತೊಡಗಿತು.
ದಬ್ಬಣದಷ್ಟು ಅಗಲ, ನುಣುಪಾದ ಗೋಡೆ,
ತಳದಲ್ಲಿ ಹನಿ ನೀರು, ನೀರಿನಡಿ ಮಸಿ.
'ಕರೇದು ಕುಂತ್ರ ಬರ್ಫ ತಿಂತೈತ್ರಿ' ಎಂದು
ಅವನು ಹೊಟ್ಟು ಮುಚ್ಚಿದ.

ಮೆಟ್ಟಿಲು ಎರಡೆರಡು ಹತ್ತಿದೆ.
ನನ್ನ ಹಿಮದ ಸುತ್ತ ಯಾರೂ ಒಲೆ ಹಚ್ಚಿರಲಿಲ್ಲ,
ಲಾರಿ ಓಡಿಸಿರಲಿಲ್ಲ, ಕೂಳೆ ಸುಟ್ಟಿರಲಿಲ್ಲ,
ಎರೆಹೊಲದ ಧೂಳನ್ನು ಗಾಳಿ ಎತ್ತಿರಲಿಲ್ಲ.
ಯಾರೂ ಬಾಳದ ಜಗತ್ತಿನ ಮೇಲೆ
ಸುರಿಯುತ್ತಿದ್ದೆ ಹನ್ನೊಂದು ದಿನ.
ಹತ್ತು ಲಕ್ಷ ಪಾಲು ಹಿಮಕ್ಕೆ
ಒಂದು ಪಾಲಿಗೂ ಕಡಿಮೆ ಮಸಿ ಹಾಕಿದೆ.
ಕರೆಂಟು ಹೋಯಿತು. ಬಂತು. ಮತ್ತೆ ಮೊದಲಿನಿಂದ.

ಮೂರು ಗಂಟೆಗೆ ನನ್ನ ಗೆರೆ ಇಳಿಯಿತು,
ಕೆಳಗಿನ ಗೆರೆಯ ಹೆಗಲು ಮುಟ್ಟಿತು.
ಎಲ್ಲ ಕಡೆ ಅಲ್ಲ; ಕೆಂಪಿನಾಚೆ ಇನ್ನೂ ಬೆರಳಗಲ ಬಾಕಿ.
ಹಿಮದ ಕಾಳು ಹಳತಾದಂತೆ ದಪ್ಪವಾಗುತ್ತದೆ,
ಆ ಲೆಕ್ಕ ನಾಳೆಗೆ.

ಸಂಜೆ ಕಲ್ಲಿದ್ದ ಜಾಗದಲ್ಲಿ ಒದ್ದೆ ಚೌಕ,
ಕಸಬರಿಗೆ ಹಿಡಿದ ರಾಜೇಸಾಬ.
'ಎಷ್ಟ ಬಿತ್ರಿ ಇವತ್ತ ನಿಮ್ಮ ಹಿಮಾ?'
'ಬಿತ್ತು. ಆದ್ರ ಸ್ವಲ್ಪ ಕರೇದಾತು.'
'ಹಂಗಾರ ಖರೇದ ಬಿಡ್ರಿ,' ಎಂದ,
ಹೊಟ್ಟು ಒಂದು ಕಡೆ ಗುಡ್ಡೆ ಮಾಡುತ್ತ.
ಚೌಕ ಅಂಚಿನಿಂದ ಒಣಗುತ್ತ ಬಂದಿತ್ತು.
ನಡುವೆ ಮೂರು ಚುಕ್ಕೆ, ನೆಲದ ಮೇಲೆ,
ಇನ್ನು ಇಳಿಯಲು ಏನೂ ಇಲ್ಲದೆ.